ಅಬು ಸಿಂಬೆಲ್ ಮತ್ತು ನಮ್ಮ ಕಿತ್ತೂರು

(ಸರಗೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ಸಲದ ಉಪನ್ಯಾಸಕ್ಕೆ ಗೊತ್ತುಮಾಡಿದ ವಿಷಯ ‘ಜಗತ್ತಿನ ಪ್ರಸಿದ್ಧ ಕಟ್ಟಡಗಳು, ಅಂದು ಮತ್ತು ಇಂದು’. ಈಜಿಪ್ಟಿನ ಪಿರಮಿಡ್ಡುಗಳಿಂದ ಹೊರಟು ತಾಜಮಹಲ್, ಐಫೆಲ್ ಗೋಪುರ ದಾಟಿ ದುಬೈಯ ಬುರ್ಜ್ ಖಲೀಫಾದವರೆಗೆ ಒಂದೊಂದರ ಎತ್ತರ, ಅಗಲ, ಕಟ್ಟಿದ ವರ್ಷ ಹೇಳುತ್ತ ಹೋಗಬಹುದು. ಅಂಥ ಪಟ್ಟಿ ಶಾಲೆಯ ಮಕ್ಕಳಿಗೂ ಬಾಯಿಪಾಠವಿದೆ. ಕಪಿಲೆಯ ದಡದ ಈ ಊರಿನಲ್ಲಿ ನಿಂತು ನಾನು ಬೇರೆ ದಾರಿ ಹಿಡಿಯುತ್ತೇನೆ. 1959ರಿಂದ 1974ರವರೆಗಿನ ಹದಿನೈದು ವರ್ಷಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಆ ಹದಿನೈದು ವರ್ಷಗಳಲ್ಲಿ ನಮ್ಮ ಪಕ್ಕದ ಬೀಚನಹಳ್ಳಿಯಲ್ಲಿ ಕಬಿನಿಗೆ, ಅಂದರೆ ಇದೇ ಕಪಿಲೆಗೆ, ಅಣೆಕಟ್ಟೆ ಕಟ್ಟಿದರು. ಅದೇ ಹೊತ್ತಿಗೆ ಜಗತ್ತಿನ ಬೇರೆ ಕಡೆ ಏನೇನು ಕಟ್ಟುತ್ತಿದ್ದರು, ಏನನ್ನು ಉಳಿಸುತ್ತಿದ್ದರು, ಏನನ್ನು ಮುಳುಗಲು ಬಿಟ್ಟರು ಎಂದು ನೋಡಿದರೆ ನಮ್ಮ ತಾಲ್ಲೂಕಿನ ಕತೆ ಜಗತ್ತಿನ ಕತೆಯೊಳಗೆ ಎಲ್ಲಿ ಕೂರುತ್ತದೆಂದು ಗೊತ್ತಾಗುತ್ತದೆ.

1959ರಲ್ಲಿ ಕಬಿನಿ ಯೋಜನೆಯ ಕೆಲಸ ಶುರುವಾಯಿತು. ಅದೇ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಮುದ್ರದಂಚಿನ ಒಂದು ನೆಲಚಾಚಿನ ಮೇಲೆ ಒಪೆರಾ ಹೌಸ್‌ಗೆ ಅಡಿಪಾಯ ತೋಡಿದರು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಜೋನ್ ಎರಡು ವರ್ಷ ಮೊದಲು ಸ್ಪರ್ಧೆಯಲ್ಲಿ ಗೆದ್ದ ನಕ್ಷೆ ಅದು. ಹಾಯಿಗಳ ಹಾಗೆ ಕಾಣುವ ಚಾವಣಿಯನ್ನು ಕಟ್ಟುವ ಬಗೆ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಪ್ರತಿ ಹಾಯಿಯ ಬಾಗೂ ಬೇರೆ ಬೇರೆಯಾದರೆ ಪ್ರತಿಯೊಂದಕ್ಕೂ ಬೇರೆ ಅಚ್ಚು ಬೇಕು, ಖರ್ಚು ತಡೆಯುವುದಿಲ್ಲ. ಎಲ್ಲ ಹಾಯಿಗಳನ್ನೂ ಒಂದೇ ಗೋಳದ ಮೇಲ್ಮೈಯಿಂದ, ಕಿತ್ತಳೆಯ ಸಿಪ್ಪೆ ಬಿಡಿಸಿದ ಹಾಗೆ, ಬೇರೆ ಬೇರೆ ಅಳತೆಯಲ್ಲಿ ತೆಗೆಯಬಹುದೆಂದು 1961ರಲ್ಲಿ ಹೊಳೆಯಿತು. ಬಾಗು ಒಂದೇ ಆಯಿತು, ಅಚ್ಚಿನ ತುಂಡುಗಳನ್ನು ಮತ್ತೆ ಮತ್ತೆ ಬಳಸಲು ಬಂತು. ಆದರೂ 70 ಲಕ್ಷ ಡಾಲರಿನ ಅಂದಾಜು 10 ಕೋಟಿ ಮೀರಿತು. ಸರ್ಕಾರದ ಜೊತೆ ಜಗಳವಾಗಿ ಉಟ್ಜೋನ್ 1966ರಲ್ಲಿ ಕೆಲಸ ಬಿಟ್ಟು ಊರಿಗೆ ಹೋದರು. 1973ರಲ್ಲಿ ಕಟ್ಟಡ ಉದ್ಘಾಟನೆಯಾಯಿತು. ಪೂರ್ತಿಯಾದ ಕಟ್ಟಡವನ್ನು ಅದರ ಶಿಲ್ಪಿ ಬದುಕಿರುವವರೆಗೂ ಕಣ್ಣಾರೆ ನೋಡಲಿಲ್ಲ. 2007ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಬಿನಿಯ ಕೆಲಸ ಶುರುವಾದ ಮುಂದಿನ ವರ್ಷ, 1960ರ ಜನವರಿಯಲ್ಲಿ, ಈಜಿಪ್ಟಿನ ಅಸ್ವಾನಿನಲ್ಲಿ ನೈಲ್ ನದಿಗೆ ಎತ್ತರದ ಅಣೆಕಟ್ಟೆ ಕಟ್ಟಲು ಶುರುಮಾಡಿದರು. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ.

ಆ ಅಣೆಕಟ್ಟೆಯ ಹಿನ್ನೀರು ನೂಬಿಯಾ ಎಂಬ ಇಡೀ ಸೀಮೆಯನ್ನು ನುಂಗುವುದಿತ್ತು. ಅಲ್ಲಿ ನದಿಯ ದಡದ ಮರಳುಗಲ್ಲಿನ ಬಂಡೆಯನ್ನು ಕೊರೆದು ಮಾಡಿದ ಅಬು ಸಿಂಬೆಲ್ ದೇಗುಲಗಳಿದ್ದವು. ಎರಡನೆಯ ರಾಮ್ಸೆಸ್ ಎಂಬ ದೊರೆ ಕ್ರಿಸ್ತಪೂರ್ವ 13ನೇ ಶತಮಾನದಲ್ಲಿ ಮಾಡಿಸಿದ್ದು. ಬಾಗಿಲಿನ ಎರಡೂ ಕಡೆ ಕುಳಿತ ದೊರೆಯ ನಾಲ್ಕು ಮೂರ್ತಿಗಳು, ಒಂದೊಂದೂ ಸುಮಾರು 20 ಮೀಟರ್ ಎತ್ತರ. ಶ್ರವಣಬೆಳಗೊಳದಲ್ಲಿ ನಿಂತಿರುವ ಗೊಮ್ಮಟನ ಎತ್ತರ 58 ಅಡಿ. ಇವು ಕುಳಿತೇ ಅದಕ್ಕಿಂತ ಎತ್ತರ. ಒಳಗೆ ಬಂಡೆಯ ಆಳದಲ್ಲಿ ಗರ್ಭಗುಡಿ. ವರ್ಷದಲ್ಲಿ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಅಕ್ಟೋಬರಿನಲ್ಲಿ, ಹುಟ್ಟುವ ಸೂರ್ಯನ ಬೆಳಕು ನೇರ ಒಳಗೆ ನುಗ್ಗಿ ಅಲ್ಲಿನ ಮೂರ್ತಿಗಳ ಮೇಲೆ ಬೀಳುವಂತೆ ಕೊರೆದಿದ್ದಾರೆ.

1960ರ ಮಾರ್ಚ್ 8ರಂದು ಯುನೆಸ್ಕೋ ಜಗತ್ತಿನ ದೇಶಗಳಿಗೆಲ್ಲ ಮನವಿ ಮಾಡಿತು: ನೂಬಿಯಾದ ಸ್ಮಾರಕಗಳು ಒಂದು ದೇಶದ ಸ್ವತ್ತಲ್ಲ, ಎಲ್ಲರೂ ಕೈಜೋಡಿಸಬೇಕು. ಹತ್ತಾರು ದೇಶಗಳು ಹಣ ಕೊಟ್ಟವು, ತಜ್ಞರನ್ನು ಕಳಿಸಿದವು. ಇಡೀ ಬೆಟ್ಟವನ್ನೇ ಯಂತ್ರದಿಂದ ಎತ್ತುವ ಯೋಚನೆಯೂ ಬಂದಿತ್ತು, ಖರ್ಚು ನೋಡಿ ಕೈಬಿಟ್ಟರು. ಕೊನೆಗೆ ಗೊತ್ತಾದದ್ದು ಕೇಳಿದರೆ ಎದೆ ನಡುಗುವ ದಾರಿ: ದೇಗುಲವನ್ನು ಗರಗಸದಿಂದ ಕೊಯ್ದು ತುಂಡುಮಾಡಿ ಮೇಲೆ ಸಾಗಿಸಿ ಮತ್ತೆ ಜೋಡಿಸುವುದು.

1964ರಲ್ಲಿ ಕೆಲಸ ಶುರುವಾಯಿತು. ಏರುತ್ತಿದ್ದ ನೀರನ್ನು ತಡೆಯಲು ಮೊದಲು ದೇಗುಲದ ಮುಂದೆ ತಾತ್ಕಾಲಿಕ ಒಡ್ಡು ಹಾಕಿದರು. ಮೇಲಿನ ಬಂಡೆ ಒಡೆಯುವಾಗ ಚೂರು ಬಿದ್ದು ಮೂರ್ತಿಗಳಿಗೆ ಪೆಟ್ಟಾಗದಿರಲೆಂದು ಅವುಗಳ ಮುಂದೆ ಮರಳಿನ ಗುಡ್ಡೆ ಸುರಿದರು. ಪುಡಿಯಾಗುವ ಮರಳುಗಲ್ಲಿಗೆ ಅಂಟು ದ್ರಾವಣ ಊಡಿ ಗಟ್ಟಿಮಾಡಿದರು. ಇಟಲಿಯ ಕರಾರಾದ ಅಮೃತಶಿಲೆ ಗಣಿಗಳಿಂದ ಕಲ್ಲು ಕೊಯ್ಯುವ ಕಸುಬುದಾರರು ಬಂದರು. ಎದುರಿಗೆ ಕಾಣುವ ಭಾಗದಲ್ಲಿ ಗರಗಸದ ಗಾಯ ಕೆಲವೇ ಮಿಲಿಮೀಟರ್ ಇರಬೇಕೆಂಬ ಕಟ್ಟು. ಸಾವಿರಕ್ಕೂ ಹೆಚ್ಚು ತುಂಡುಗಳು, ದೊಡ್ಡವು 20ರಿಂದ 30 ಟನ್ ತೂಕ. ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಹಾಕಿ ಸುಮಾರು 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಒಯ್ದು ಜೋಡಿಸಿದರು. ಹಿಂದೆ ಬೆಟ್ಟವಿಲ್ಲವಲ್ಲ, ಅದಕ್ಕೆ ಕಾಂಕ್ರೀಟಿನ ಭಾರಿ ಗುಮ್ಮಟ ಕಟ್ಟಿ ಮೇಲೆ ಬಂಡೆ ಹೊದಿಸಿ ಬೆಟ್ಟವನ್ನೂ ಮಾಡಿದರು. 1968ರ ಸೆಪ್ಟೆಂಬರಿನಲ್ಲಿ ಕೆಲಸ ಮುಗಿಯಿತು. ಖರ್ಚು ಆಗಿನ ಲೆಕ್ಕದಲ್ಲಿ ಸುಮಾರು 4 ಕೋಟಿ ಡಾಲರ್. ಹೊಸ ಜಾಗದಲ್ಲೂ ಸೂರ್ಯ ಗರ್ಭಗುಡಿಗೆ ಬರುತ್ತಾನೆ.

ಮನುಷ್ಯರು ಮಾಡಿರುವ ದೊಡ್ಡ ಕೆಲಸಗಳಲ್ಲಿ ಇದೂ ಒಂದೆಂದು ನಾನು ನಂಬಿದ್ದೇನೆ. ಹೊಸದನ್ನು ಕಟ್ಟುವ ಹೆಮ್ಮೆ ಎಲ್ಲರಿಗೂ ಉಂಟು. ಮೂರು ಸಾವಿರ ವರ್ಷ ಹಿಂದಿನ ಕೈಗಳ ಕೆಲಸಕ್ಕಾಗಿ ಇಷ್ಟು ದೇಶಗಳು ಒಟ್ಟಾಗಿದ್ದು ಅದೇ ಮೊದಲು. ವಿಶ್ವ ಪರಂಪರೆ ಎಂಬ ಕಲ್ಪನೆ ಬೆಳೆದದ್ದೂ, 1972ರಲ್ಲಿ ಅದಕ್ಕೊಂದು ಅಂತಾರಾಷ್ಟ್ರೀಯ ಒಪ್ಪಂದ ಆದದ್ದೂ ಆ ಅನುಭವದಿಂದಲೇ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ನಮ್ಮ ಜಿಲ್ಲೆಯ ಸೋಮನಾಥಪುರ ಸೇರಿದ್ದು ಅದೇ ಪಟ್ಟಿಗೆ.

ಆದರೆ ಈ ಕತೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನೂಬಿಯಾದಲ್ಲಿ ಗುಡಿಗಳಷ್ಟೇ ಇರಲಿಲ್ಲ, ಜನರಿದ್ದರು. ಈಜಿಪ್ಟಿನ ಕಡೆ ಸುಮಾರು 50,000, ಸುಡಾನಿನ ಕಡೆ ಹೆಚ್ಚು ಕಡಿಮೆ ಅಷ್ಟೇ ಜನ ಮನೆ, ಖರ್ಜೂರದ ತೋಟ, ಹಿರಿಯರ ಗೋರಿ ಬಿಟ್ಟು ಹೊರಟರು. ಈಜಿಪ್ಟಿನ ಕಡೆಯವರನ್ನು ಕೂರಿಸಿದ್ದು ನದಿಯ ದಡದಲ್ಲಲ್ಲ, ದೂರದ ಕೋಮ್ ಓಂಬೋ ಬಯಲಿನಲ್ಲಿ ಸಾಲಾಗಿ ಕಟ್ಟಿದ ಮನೆಗಳಲ್ಲಿ. ನೂಬಿಯಾದವರು ತಮ್ಮ ಮಣ್ಣಿನ ಮನೆಯ ಗೋಡೆಗಳ ಮೇಲೆ ಚಿತ್ತಾರ ಬರೆಯುವವರು; ಮುಂಬಾಗಿಲಿನ ಅಲಂಕಾರಕ್ಕೆ ಹೆಸರಾದವರು. ಆ ಮನೆಗಳಲ್ಲಿ ಒಂದನ್ನೂ ಯಾರೂ ಸಂಖ್ಯೆ ಹಾಕಿ ಮೇಲಕ್ಕೆ ಸಾಗಿಸಲಿಲ್ಲ. ದೊರೆಯ ಮೂರ್ತಿಗೆ ಸಿಕ್ಕ ಮರ್ಯಾದೆ ರೈತನ ಮನೆಗೆ ಸಿಗಲಿಲ್ಲ.

ಇನ್ನು ನಮ್ಮ ಊರಿಗೆ ಬರೋಣ.

ಅಬು ಸಿಂಬೆಲ್ಲಿನ ತುಂಡುಗಳನ್ನು ಜೋಡಿಸುತ್ತಿದ್ದ ವರ್ಷಗಳಲ್ಲಿ ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ನಮ್ಮ ಕಟ್ಟೆ ಮೇಲೇಳುತ್ತಿತ್ತು. 1974ರಲ್ಲಿ ಮುಗಿಯಿತು. 2284 ಅಡಿ ಎಂಬ ಅಂಕಿ ಇಲ್ಲಿ ಕೂತಿರುವ ಪ್ರತಿಯೊಬ್ಬ ರೈತರಿಗೂ ಗೊತ್ತು. ಜಲಾಶಯ ತುಂಬಿತೋ ಇಲ್ಲವೋ ಎಂದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ನೋಡುತ್ತೇವೆ. 19.52 ಟಿಎಂಸಿ ನೀರು ಹಿಡಿಯುವ ಈ ಕಟ್ಟೆ ವಯನಾಡಿನ ಮಳೆಯಿಂದಾಗಿ ಕಾವೇರಿ ಸೀಮೆಯ ಉಳಿದ ಜಲಾಶಯಗಳಿಗಿಂತ ಮೊದಲೇ ತುಂಬುವುದುಂಟು. ನಂಜನಗೂಡಿನ ಕಡೆಯ ಗದ್ದೆಗಳಿಗೆ ನೀರು, ಮೈಸೂರಿನ ನಲ್ಲಿಗೆ ನೀರು ಇದರಿಂದ. ಇದನ್ನು ಕಟ್ಟಬಾರದಿತ್ತು ಎಂದು ಹೇಳಲು ನಾನು ಬಂದಿಲ್ಲ. ಕಟ್ಟೆಯೂ ನಮ್ಮ ಕಾಲದ ವಾಸ್ತುವೇ, ಅದನ್ನು ಕಟ್ಟಿದ ಎಂಜಿನಿಯರುಗಳು, ಕಲ್ಲು ಹೊತ್ತ ಕೂಲಿಕಾರರು ನಮ್ಮ ಗೌರವಕ್ಕೆ ಅರ್ಹರು. ನಾನು ಕೇಳುವುದು ಇನ್ನೊಂದು ಲೆಕ್ಕ: ನೀರಿನ ಕೆಳಗೆ ಏನಿದೆ?

ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿವೆ. ಅದರಲ್ಲಿ ಒಂದು ಕಿತ್ತೂರು. ಕಿತ್ತೂರು ಎಂದ ಕೂಡಲೇ ನಾಡಿಗೆಲ್ಲ ಚೆನ್ನಮ್ಮನ ಕಿತ್ತೂರು ನೆನಪಾಗುತ್ತದೆ, ಆಗಲಿ. ನಮ್ಮ ಕಿತ್ತೂರು ಅದಕ್ಕಿಂತ ಬಹಳ ಹಳೆಯದು. ಪುನ್ನಾಟವೆಂಬ ರಾಜ್ಯದ ರಾಜಧಾನಿ ಕಿತ್ತಿಪುರ, ಕೀರ್ತಿಪುರ, ಇದೇ ಎಂದು ಬಿ.ಎಲ್. ರೈಸ್ ಮೊದಲಾದ ವಿದ್ವಾಂಸರು ಗುರುತಿಸಿದರು. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ಅರಸರು ಇಲ್ಲಿ ಆಳಿದರೆಂದು ತಾಮ್ರಶಾಸನಗಳಿಂದ ತಿಳಿಯುತ್ತದೆ. ಸ್ಕಂದವರ್ಮನ ಮಗಳನ್ನು ಗಂಗರ ದೊರೆ ಅವಿನೀತನಿಗೆ ಕೊಟ್ಟಿತ್ತು. ಅವರ ಮಗ ದುರ್ವಿನೀತ. ಕವಿರಾಜಮಾರ್ಗ ಹೆಸರಿಸುವ ಹಳೆಯ ಗದ್ಯ ಬರಹಗಾರರಲ್ಲಿ ಒಬ್ಬನಾದ ದುರ್ವಿನೀತ ಇವನೇ ಎಂದು ಹೆಚ್ಚಿನ ವಿದ್ವಾಂಸರ ಮತ. ಅಂದರೆ ಕನ್ನಡ ಗದ್ಯದಲ್ಲಿ ಹೆಸರು ಉಳಿದಿರುವ ಮೊದಲಿಗರಲ್ಲಿ ಒಬ್ಬನ ತಾಯಿಯ ತವರು ಇವತ್ತು ಕಬಿನಿಯ ಹಿನ್ನೀರಿನಲ್ಲಿದೆ.

ಇಷ್ಟೇ ಅಲ್ಲ. ಈ ಸೀಮೆಯ ಹೆಸರು ಹೊತ್ತ ಜೈನ ಮುನಿಗಳ ಒಂದು ಪರಂಪರೆಯೇ ಇತ್ತು, ಪುನ್ನಾಟ ಸಂಘ. ಆ ಸಂಘದ ಜಿನಸೇನಾಚಾರ್ಯರು ಸಂಸ್ಕೃತದ ಹರಿವಂಶಪುರಾಣವನ್ನು 783ರಲ್ಲಿ ಪೂರೈಸಿದ್ದು ಇಲ್ಲಲ್ಲ, ದೂರದ ಪಶ್ಚಿಮ ಭಾರತದ ವರ್ಧಮಾನಪುರದಲ್ಲಿ. ನಮ್ಮ ಕಾಡಂಚಿನಿಂದ ಹೊರಟ ಹೆಸರು ಅಷ್ಟು ದೂರ ನಡೆದಿತ್ತು.

ಇನ್ನೂ ಹಿಂದಕ್ಕೆ ಹೋದರೆ ಈಜಿಪ್ಟೇ ಸಿಗುತ್ತದೆ. ಎರಡನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ಎಂಬ ಭೂಗೋಳಕಾರ ಬೆರಿಲ್ ಎಂಬ ಹಸಿರು-ನೀಲಿ ರತ್ನ ಸಿಗುವ ‘ಪೌನ್ನಾಟ’ವನ್ನು ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅದು ನಮ್ಮ ಪುನ್ನಾಟವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನೈಲ್ ನದಿಯ ಮುಖದಲ್ಲಿ ಕೂತವನಿಗೆ ಕಪಿಲೆಯ ಸೀಮೆಯ ಹೆಸರು ಗೊತ್ತಿತ್ತು. ಹದಿನೆಂಟು ಶತಮಾನ ಕಳೆದು ನೈಲಿನ ಗುಡಿಗಳಿಗಾಗಿ ಜಗತ್ತೇ ಓಡಿಬಂದ ವರ್ಷಗಳಲ್ಲಿ ಪುನ್ನಾಟದ ರಾಜಧಾನಿಗಾಗಿ ಯಾರೂ ಬರಲಿಲ್ಲ. ಮನವಿ ಮಾಡಿದವರೂ ಇರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹಸಿರು ಹುಲ್ಲು ಹಾಸಿದ ಹಿನ್ನೀರಿನ ಅಂಚಿಗೆ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ನೋಡಲು ದೇಶ ವಿದೇಶಗಳಿಂದ ಜನ ಕಾರಾಪುರಕ್ಕೆ ಬಂದು ಇಳಿಯುತ್ತಾರೆ. ಆ ಆನೆಗಳು ಮೇಯುವ ನೆಲ ಹಳ್ಳಿಗರ ಹೊಲವಾಗಿತ್ತೆಂದು ಅವರಿಗೆ ಹೇಳುವವರಿಲ್ಲ. 1971ರಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಬಯಲೂ ಅದೇ ನೀರಿಗೆ ಸೇರಿತು. ಜೇನುಕುರುಬರ, ಕಾಡುಕುರುಬರ ಹಾಡಿಗಳ ಮಾತಂತೂ ಹೇಳಲೇ ಬೇಡಿ. ಕಲ್ಲಿನ ಕಟ್ಟಡ ಕಟ್ಟದವರ ನೆಲೆಯನ್ನು ಯಾವ ಪಟ್ಟಿಯೂ ಸ್ಮಾರಕವೆಂದು ಎಣಿಸುವುದಿಲ್ಲ.

ಗುಡಿ ಸಾಗಿಸುವುದು ಪರದೇಶದವರಿಗೆ ಮಾತ್ರ ಆಗುವ ಕೆಲಸ ಎಂದುಕೊಳ್ಳಬೇಡಿ. ಕಬಿನಿಯ ಕೆಲಸ ನಡೆಯುತ್ತಿದ್ದಾಗಲೇ ಪಕ್ಕದ ಆಂಧ್ರದಲ್ಲಿ ನಾಗಾರ್ಜುನಸಾಗರ ಕಟ್ಟುತ್ತಿದ್ದರು. ಇಕ್ಷ್ವಾಕು ಅರಸರ ರಾಜಧಾನಿ ಅಲ್ಲಿ ಮುಳುಗುವುದಿತ್ತು. 1954ರಿಂದ 1960ರವರೆಗೆ ಭಾರತದ ಪುರಾತತ್ವ ಇಲಾಖೆಯವರು ಕಣಿವೆಯನ್ನು ಅಗೆದು ದಾಖಲೆ ಮಾಡಿ, ಮುಖ್ಯವಾದ ಕಟ್ಟಡಗಳನ್ನು ಬೆಟ್ಟದ ಮೇಲೂ ಅನುಪು ಎಂಬಲ್ಲೂ ಮತ್ತೆ ಕಟ್ಟಿದರು. ಆ ಬೆಟ್ಟ ಈಗ ನೀರಿನ ನಡುವಿನ ದ್ವೀಪ, ಮೇಲೆ ವಸ್ತುಸಂಗ್ರಹಾಲಯ.

ನಮಗೆ ಹತ್ತಿರದ ಉದಾಹರಣೆ ಕನ್ನಂಬಾಡಿ. 1911ರಲ್ಲಿ ಶುರುವಾಗಿ 1932ರಲ್ಲಿ ಪೂರ್ಣವಾದ ಕೃಷ್ಣರಾಜಸಾಗರ ಸುಣ್ಣ ಸುರ್ಕಿಯ ಗಾರೆಯಲ್ಲಿ ನಿಂತ ಕಟ್ಟೆ. ಇಂದಿಗೂ ಅದನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ. ಅದರ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಎಷ್ಟೋ ವರ್ಷಗಳ ಮೇಲೆ ಬರ ಬಂದು ನೀರು ಇಳಿದಾಗ ಗುಡಿ ನಿಂತೇ ಇತ್ತು. ಆಮೇಲೆ ಖೋಡೆ ಪ್ರತಿಷ್ಠಾನದವರು ಮುಂದೆ ಬಂದು, ಕಲ್ಲುಗಳಿಗೆ ಗುರುತು ಹಾಕಿ ಬಿಚ್ಚಿ, ಹೊಸ ಕನ್ನಂಬಾಡಿಯ ಎತ್ತರದ ದಡದಲ್ಲಿ ಮತ್ತೆ ಕಟ್ಟಿಸಿದರು. ಅಬು ಸಿಂಬೆಲ್ಲಿನಲ್ಲಿ ನೀರು ಬರುವ ಮೊದಲು ಮಾಡಿದ್ದನ್ನು ಕನ್ನಂಬಾಡಿಯಲ್ಲಿ ನೀರು ಬಂದು ಮುಕ್ಕಾಲು ಶತಮಾನ ಕಳೆದ ಮೇಲೆ ಮಾಡಿದರು. ಹಾಸನದ ಶೆಟ್ಟಿಹಳ್ಳಿಯಲ್ಲಿ ಅದೂ ಇಲ್ಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಪ್ರತಿ ಮಳೆಗಾಲ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಫೋಟೋ ತೆಗೆಯುವವರ ಸಂಖ್ಯೆ ಹೆಚ್ಚುತ್ತಿದೆ, ಗೋಡೆ ಒಂದೊಂದಾಗಿ ಬೀಳುತ್ತಿದೆ.

ಇನ್ನೊಂದು ದಾರಿಯೂ ಇದೆ, ಅದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ನಾಡು ಬಿಟ್ಟು ಬಂದ ಟಿಬೆಟನ್ನರು 1960ರ ಆಚೀಚೆ ಬೈಲುಕುಪ್ಪೆಯಲ್ಲಿ ನೆಲೆನಿಂತರು. ಪೆನೋರ್ ರಿಂಪೋಚೆಯವರು 1963ರಲ್ಲಿ ಅಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುಮಾಡಿದರು. ಹುಟ್ಟಿದೂರಿನ ಮಠದ ಒಂದು ಕಲ್ಲನ್ನೂ ಅವರಿಗೆ ತರಲಾಗಲಿಲ್ಲ. ಅಳತೆ, ಬಣ್ಣ, ಮೂರ್ತಿಯ ಲಕ್ಷಣ, ಪೂಜೆಯ ಕ್ರಮ, ಇವೆಲ್ಲ ಮನಸ್ಸಿನಲ್ಲಿ ಮತ್ತು ಪುಸ್ತಕದಲ್ಲಿ ಬಂದವು. ಅದರಿಂದಲೇ 1999ರಲ್ಲಿ ಸ್ವರ್ಣಮಂದಿರ ಎದ್ದಿತು. ಈಗ ಮೈಸೂರು, ಕೊಡಗು ನೋಡಲು ಬಂದವರೆಲ್ಲ ಅದನ್ನು ನೋಡದೆ ಹೋಗುವುದಿಲ್ಲ. ನೆನಪು ಕ್ರಮವಾಗಿ ಉಳಿದಿದ್ದರೆ ಕಟ್ಟಡ ಮತ್ತೆ ಏಳಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಕಿತ್ತೂರನ್ನು ಎತ್ತಿ ತರುವ ಮಾತು ನಾನು ಆಡುತ್ತಿಲ್ಲ. ಆದರೆ ಬೆಳತೂರಿನ ದೇಕಬ್ಬೆಯನ್ನು ನೆನೆಯಿರಿ. ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಹೆಣ್ಣುಮಗಳು. ಗಂಡ ಏಚನಿಗೆ ಅರಸ ಮರಣದಂಡನೆ ಕೊಟ್ಟನೆಂದು ಕೇಳಿ, ಮನೆಯವರೆಲ್ಲ ತಡೆದರೂ ಕೇಳದೆ ಬೆಂಕಿಗೆ ಬಿದ್ದಳು. ಅವಳ ಕತೆ ಹೇಳುವ 1057ರ ಶಾಸನದ ಕಲ್ಲಿನ ಮೇಲಿನ ಪದ್ಯಗಳನ್ನು ಕನ್ನಡ ಎಂ.ಎ. ಓದುವ ಮಕ್ಕಳು ಇಂದಿಗೂ ಓದುತ್ತಾರೆ. ಹಾಗೆ ಬೆಂಕಿಗೆ ಬೀಳುವ ಆಚರಣೆ ಹೋಗಿದ್ದು ಒಳ್ಳೆಯದೇ ಆಯಿತು. ಆ ಹೆಣ್ಣಿನ ಹೆಸರು ಉಳಿದದ್ದು ಅದಕ್ಕಿಂತ ಒಳ್ಳೆಯದಾಯಿತು. ಅದು ನಾಡಿಗೆಲ್ಲ ಗೊತ್ತಾದದ್ದು ಹೇಗೆ? ರೈಸ್ ಮತ್ತು ಅವರ ಜೊತೆಯ ಪಂಡಿತರು ಊರೂರು ಅಲೆದು ಕಲ್ಲುಗಳ ಪ್ರತಿ ತೆಗೆದು, 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೇ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಶಾಸನಗಳನ್ನು ಅಚ್ಚುಹಾಕಿದರು. ಕಲ್ಲು ಎಲ್ಲಿದ್ದರೂ ಅಕ್ಷರ ಈಗ ಅಳಿಯುವುದಿಲ್ಲ. ಅಬು ಸಿಂಬೆಲ್ಲಿಗೆ 4 ಕೋಟಿ ಡಾಲರ್ ಬೇಕಾಯಿತು. ಈ ಕೆಲಸಕ್ಕೆ ಕಾಗದ, ಮಸಿ, ಕಾಲಿನ ಕಸುವು ಸಾಕಾಯಿತು.

ಕಲ್ಲಿಗೆ ರೈಸ್ ಮಾಡಿದ್ದನ್ನು ಮುಳುಗಿದ ಹಳ್ಳಿಗಳಿಗೆ ನಾವು ಮಾಡಬೇಕು. ಕಟ್ಟೆ ಮುಗಿದಾಗ ಹತ್ತು ಹನ್ನೆರಡು ವರ್ಷದ ಮಕ್ಕಳಾಗಿದ್ದವರಿಗೆ ಇವತ್ತು ಅರವತ್ತು ದಾಟಿದೆ. ಆಗ ಮನೆ ನಡೆಸುತ್ತಿದ್ದವರಲ್ಲಿ ಉಳಿದಿರುವವರು ಕಡಿಮೆ. ಮುಳುಗಡೆಯ ಊರಿನ ಯಾವ ಮನೆ ಯಾವ ಕಡೆ ಮುಖ ಮಾಡಿತ್ತು, ತೊಟ್ಟಿಮನೆಗಳು ಯಾವುವು, ಅರಳಿಕಟ್ಟೆ ಎಲ್ಲಿತ್ತು, ಮಾರಿಗುಡಿಯ ಮುಂದೆ ವೀರಗಲ್ಲು ಇತ್ತೇ, ಊರು ಬಿಡುವಾಗ ದೇವರನ್ನು ಯಾರು ಹೊತ್ತು ತಂದರು, ಯಾವ ಕಲ್ಲನ್ನು ಬಿಟ್ಟು ಬಂದರು, ಇದೆಲ್ಲ ಅವರ ಬಾಯಲ್ಲಿ ಮಾತ್ರ ಇದೆ. ಬರೆದಿಟ್ಟ ದಾಖಲೆಯೂ ಇಲ್ಲದೇ ಇಲ್ಲ: ಹಳೆಯ ಗ್ರಾಮ ನಕ್ಷೆಗಳಿವೆ, ಜಮೀನು ವಶಪಡಿಸಿಕೊಂಡ ಕಾಲದ ಕಾಗದಪತ್ರಗಳಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದೊಂದು ಊರನ್ನೂ ಕಾಗದದ ಮೇಲೆ ಮತ್ತೆ ಕಟ್ಟಬಹುದು.

ಕಾಲೇಜಿನ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇದು: ಒಬ್ಬೊಬ್ಬರು ಒಂದೊಂದು ಮುಳುಗಡೆ ಊರನ್ನು ಹಿಡಿಯಿರಿ. ನಿಮ್ಮ ಅಜ್ಜ ಅಜ್ಜಿಯರನ್ನು ಕೂರಿಸಿ ಊರಿನ ಚಿತ್ರ ಬರೆಸಿಕೊಳ್ಳಿ, ಮೊಬೈಲಿನಲ್ಲಿ ಅವರ ಮಾತು ಹಿಡಿದಿಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಅರಣ್ಯ ಇಲಾಖೆ ಮತ್ತು ನೀರಾವರಿ ಇಲಾಖೆಯ ಅನುಮತಿ ಪಡೆದು, ಅಧ್ಯಾಪಕರ ಜೊತೆಯಲ್ಲಿ ಹೋಗಿ, ಕಾಣುವ ಕಲ್ಲುಗಳ ಚಿತ್ರ ತೆಗೆಯಿರಿ. ಯಾವುದನ್ನೂ ಮುಟ್ಟಿ ಕದಲಿಸಬೇಡಿ, ಒಬ್ಬರೇ ಎಂದಿಗೂ ಹೋಗಬೇಡಿ, ಅದು ಆನೆ ಮೊಸಳೆಗಳ ಜಾಗ. ಸರ್ಕಾರದಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು: ಕಟ್ಟೆಯ ಬಳಿ ಒಂದು ಫಲಕ ಹಾಕಿ, ಅದರಲ್ಲಿ ಮುಳುಗಿದ ಪ್ರತಿ ಊರಿನ, ಪ್ರತಿ ಹಾಡಿಯ ಹೆಸರು ಬರೆಸಿರಿ. ಐಫೆಲ್ ಗೋಪುರದ ಮೇಲೆ 72 ವಿಜ್ಞಾನಿ, ಎಂಜಿನಿಯರುಗಳ ಹೆಸರು ಕೆತ್ತಿದ್ದಾರೆ. ನಮ್ಮ ಕಟ್ಟೆಗೆ ನೆಲ ಕೊಟ್ಟವರ ಊರಿನ ಹೆಸರಾದರೂ ಇರಬೇಡವೇ?

ಮುಳುಗಡೆ ಊರುಗಳಿಂದ ಬಂದ ಹಿರಿಯರು ಈ ಸಭೆಯಲ್ಲೂ ಇದ್ದೀರಿ. ಉಪನ್ಯಾಸ ಮುಗಿದ ಮೇಲೆ ಊಟಕ್ಕೆ ಏಳುವ ಮುಂಚೆ ದಯವಿಟ್ಟು ಬಾಗಿಲಲ್ಲಿ ಇಟ್ಟಿರುವ ಪುಸ್ತಕದಲ್ಲಿ ನಿಮ್ಮ ಊರಿನ ಹೆಸರು, ಅಲ್ಲಿದ್ದ ದೇವರ ಹೆಸರು, ಈಗಿರುವ ಊರಿನ ಹೆಸರು ಬರೆಯಿರಿ. ಬರೆಯಲು ಬಾರದವರಿಗೆ ಪಕ್ಕದಲ್ಲಿ ಕೂತ ಮಕ್ಕಳು ಬರೆದುಕೊಡಲಿ.